ತಪ್ಪು ಮುದ್ರಣದ ಅಂಚೆಚೀಟಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಆಲ್ಬಮ್ ತೆಗೆದು ನೋಡುವಾಗ ಒಂದು ಸ್ಟ್ಯಾಂಪು ಯಾಕೋ ವಿಚಿತ್ರವಾಗಿ ಕಾಣುತ್ತದೆ. ಬಣ್ಣ ಪಕ್ಕಕ್ಕೆ ಸರಿದಿದೆ, ಇಲ್ಲವೇ ಒಂದು ಕಡೆ ಅಂಚಿನ ತೂತುಗಳೇ ಇಲ್ಲ. ತಕ್ಷಣ ಫೋಟೋ ಹೊಡೆದು ಕಳಿಸುತ್ತಾರೆ: "ಇದಕ್ಕೆ ಎಷ್ಟು ಸಿಗುತ್ತೆ?" ನಾನು ವಾಪಸ್ ಕೇಳುವುದು ಯಾವಾಗಲೂ ಒಂದೇ: "ಇದು ಹೇಗಾಯ್ತು?" ಮುದ್ರಣಾಲಯದಲ್ಲಿ ಏನಾಯಿತು ಅಂತ ಹೇಳಲು ಬಂದರೆ ಬೆಲೆಯ ಮಾತಿಗೆ ಅರ್ಥವಿದೆ. ಅಲ್ಲಿಯವರೆಗೆ ಬರೀ ಊಹೆ. ವರ್ಷಗಳಿಂದ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ತಪ್ಪು ಮುದ್ರಣದ ಚೀಟಿ ಅಂತ ಯಾವುದನ್ನು ಕರೆಯುತ್ತಾರೆ?

ಸಂಗ್ರಹಕಾರರು ಇದನ್ನು ಮೂರು ಗುಂಪು ಮಾಡುತ್ತಾರೆ. ಮೊದಲನೆಯದು ಎರರ್. ಚೀಟಿಯ ಒಂದು ಮುಖ್ಯ ಅಂಶವೇ ಪೂರ್ತಿ ತಪ್ಪಿರಬೇಕು: ಒಂದು ಬಣ್ಣ ಸಂಪೂರ್ಣ ಬಿಟ್ಟುಹೋಗಿರುವುದು, ಚಿತ್ರ ತಲೆಕೆಳಗಾಗಿರುವುದು, ತೂತು ಸಾಲು ಇಲ್ಲದಿರುವುದು, ಚೀಟಿ ಬೇರೆಯದೇ ಬಣ್ಣದಲ್ಲಿ ಅಚ್ಚಾಗಿರುವುದು. ಎರಡನೆಯದು ಫ್ರೀಕ್. ಬಣ್ಣ ಸ್ವಲ್ಪ ಸರಿದಿದೆ, ಶಾಯಿ ಚೆಲ್ಲಿದೆ, ತೂತು ಸಾಲು ಓರೆಯಾಗಿ ಚಿತ್ರದ ಮೇಲೆ ಹಾದಿದೆ. ಇವು ಒಂದೊಂದೂ ಒಂದೊಂದು ಥರ ಇರುತ್ತವೆ, ಒಂದರಂತೆ ಇನ್ನೊಂದು ಸಿಗುವುದಿಲ್ಲ. ಮೂರನೆಯದು ವೆರೈಟಿ. ಅಚ್ಚಿನ ಫಲಕದಲ್ಲೇ ಒಂದು ಗೀರು ಅಥವಾ ಚುಕ್ಕೆ ಇದ್ದರೆ ಪ್ರತಿ ಹಾಳೆಯಲ್ಲೂ ಅದೇ ಜಾಗದ ಚೀಟಿಯಲ್ಲಿ ಅದೇ ದೋಷ ಕಾಣುತ್ತದೆ.

ನನಗೆ ಬರುವ ಫೋಟೋಗಳಲ್ಲಿ ಜಾಸ್ತಿ ಇರುವುದು ಎರಡನೇ ಗುಂಪಿನವು. ನೋಡಲು ಚೆಂದ, ಆದರೆ ಬೆಲೆ ಸಾಧಾರಣ.

ಮುದ್ರಣಾಲಯದಲ್ಲಿ ಅಷ್ಟೊಂದು ತಪಾಸಣೆ ಇರುವಾಗ ತಪ್ಪು ಆಗುವುದಾದರೂ ಹೇಗೆ?

ಹೆಚ್ಚು ಬಣ್ಣ ಅಂದರೆ ಹೆಚ್ಚು ಹಂತ. ಹಳೆಯ ಕಾಲದಲ್ಲಿ ಎರಡು ಬಣ್ಣದ ಚೀಟಿಯನ್ನು ಎರಡು ಸಲ ಅಚ್ಚು ಹಾಕುತ್ತಿದ್ದರು. ಮೊದಲು ಚೌಕಟ್ಟು, ಹಾಳೆ ಒಣಗಿದ ಮೇಲೆ ನಡುವಿನ ಚಿತ್ರ. ಎರಡನೇ ಸಲ ಹಾಳೆಯನ್ನು ತಿರುಗಿಸಿ ಇಟ್ಟರೆ ಚಿತ್ರ ತಲೆಕೆಳಗು. ಅಷ್ಟು ಸರಳ.

ನಮ್ಮ ದೇಶದ ಚೀಟಿಗಳನ್ನು 1850ರ ದಶಕದ ಮಧ್ಯದಿಂದ ಲಂಡನ್ನಿನ ಡಿ ಲಾ ರೂ ಕಂಪನಿ ಅಚ್ಚು ಹಾಕುತ್ತಿತ್ತು. 1920ರ ದಶಕದಲ್ಲಿ ಆ ಕೆಲಸ ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ಸಿಗೆ ಬಂತು. 1952ರಲ್ಲಿ ಕಬೀರ, ತುಳಸೀದಾಸ, ಮೀರಾ, ಸೂರದಾಸ, ಗಾಲಿಬ್, ಟ್ಯಾಗೋರ್ ಇರುವ ಸಂತ ಕವಿಗಳ ಮಾಲೆಯಿಂದ ಫೋಟೋಗ್ರೇವರ್ ಶುರುವಾಯಿತು. ಈ ವಿಧಾನದಲ್ಲಿ ಸಿಲಿಂಡರಿನ ಮೇಲೆ ಸಣ್ಣ ಸಣ್ಣ ಕುಳಿಗಳಿರುತ್ತವೆ. ಶಾಯಿ ಆ ಕುಳಿಗಳಲ್ಲಿ ತುಂಬಿಕೊಳ್ಳುತ್ತದೆ. ಮೇಲೆ ಉಳಿದದ್ದನ್ನು ಒಂದು ತೆಳು ಉಕ್ಕಿನ ಪಟ್ಟಿ ಒರೆಸಿ ತೆಗೆಯುತ್ತದೆ. ಅದಕ್ಕೆ ಡಾಕ್ಟರ್ ಬ್ಲೇಡ್ ಅನ್ನುತ್ತಾರೆ. ಆ ಬ್ಲೇಡಿಗೆ ಒಂದು ಕಣ ಧೂಳು ಸಿಕ್ಕಿಕೊಂಡರೂ ಸಾಕು, ಚೀಟಿಯ ಮೇಲೆ ಕೂದಲಿನಷ್ಟು ತೆಳ್ಳಗಿನ ಬಣ್ಣದ ಗೆರೆ ಎಳೆದ ಹಾಗೆ ಬೀಳುತ್ತದೆ. ಕಣ ಬಿದ್ದುಹೋದ ಮೇಲೆ ಗೆರೆಯೂ ಇಲ್ಲ. ಭೂತಗನ್ನಡಿಯಲ್ಲಿ ಆ ಗೆರೆ ನೋಡಿದಾಗ ಯಂತ್ರ ಓಡುತ್ತಿದ್ದ ಆ ಗಳಿಗೆಯೇ ಕಣ್ಣಿಗೆ ಕಟ್ಟುತ್ತದೆ. ಬೆಲೆ ದೊಡ್ಡದಲ್ಲ. ಆದರೂ ನನ್ನ ಆಲ್ಬಮಿನಲ್ಲಿ ಅಂಥವಕ್ಕೇ ಒಂದು ಪುಟ ಇಟ್ಟಿದ್ದೇನೆ.

ಬಣ್ಣ ಬಿಟ್ಟುಹೋಗುವುದಕ್ಕೂ ಕಾರಣಗಳಿವೆ. ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಯಂತ್ರದೊಳಗೆ ಹೋದರೆ ಕೆಳಗಿನದಕ್ಕೆ ಆ ಬಣ್ಣ ತಾಗುವುದಿಲ್ಲ. ಹಾಳೆಯ ಮೂಲೆ ಮಡಚಿಕೊಂಡರೆ ಅಷ್ಟು ಭಾಗ ಬಿಳಿ ಉಳಿಯುತ್ತದೆ. ತೂತು ಹೊಡೆಯುವ ಯಂತ್ರ ಒಂದು ಹೊಡೆತ ತಪ್ಪಿಸಿದರೆ ಎರಡು ಚೀಟಿಗಳ ನಡುವೆ ತೂತು ಇರುವುದಿಲ್ಲ.

ಭಾರತದ ಅತಿ ಹೆಸರುವಾಸಿಯಾದ ತಪ್ಪು ಚೀಟಿ ಯಾವುದು?

1854ರ ನಾಲ್ಕಾಣೆ ಚೀಟಿ. ಕೆಂಪು ಚೌಕಟ್ಟು, ಒಳಗೆ ನೀಲಿ ಬಣ್ಣದಲ್ಲಿ ವಿಕ್ಟೋರಿಯಾ ರಾಣಿಯ ತಲೆ. ಕೆಲವು ಚೀಟಿಗಳಲ್ಲಿ ಆ ತಲೆ ಕೆಳಮುಖವಾಗಿದೆ.

ಆ ವರ್ಷ ಅಕ್ಟೋಬರ್‌ನಲ್ಲಿ ಇಡೀ ದೇಶಕ್ಕೆ ಅಂಚೆಚೀಟಿ ಜಾರಿಗೆ ಬಂತು. ಕಲ್ಕತ್ತಾದ ಸರ್ವೆ ಕಚೇರಿಯಲ್ಲಿ ನಕ್ಷೆಗಳನ್ನು ಅಚ್ಚು ಹಾಕುತ್ತಿದ್ದ ಕಲ್ಲಚ್ಚಿನಲ್ಲೇ ಕ್ಯಾಪ್ಟನ್ ಥ್ವಿಲಿಯರ್ ಅವರ ಉಸ್ತುವಾರಿಯಲ್ಲಿ ಈ ಚೀಟಿಗಳೂ ತಯಾರಾದವು. ಅರ್ಧ ಆಣೆಯದು ನೀಲಿ, ಒಂದಾಣೆಯದು ಕೆಂಪು, ನಾಲ್ಕಾಣೆಗೆ ಮಾತ್ರ ಎರಡು ಬಣ್ಣ. ಆ ಕಾಲಕ್ಕೆ ಎರಡು ಬಣ್ಣದ ಚೀಟಿ ಅಂದರೆ ದೊಡ್ಡ ಸಾಹಸ. ಪ್ರಪಂಚದಲ್ಲೇ ಅಂಥವು ಬೆರಳೆಣಿಕೆಯಷ್ಟಿದ್ದವು. ಹಾಳೆ ಒಮ್ಮೆ ಕೆಂಪಿಗೆ, ಇನ್ನೊಮ್ಮೆ ನೀಲಿಗೆ ಹೋಗಬೇಕು. ಆ ನಡುವೆ ಕೆಲವು ಹಾಳೆಗಳು ತಿರುಗಿ ಕೂತವು. ಆಗ ಯಾರೂ ಗಮನಿಸಲಿಲ್ಲ. ಜನ ಅಂಟಿಸಿದರು, ಅಂಚೆಯವರು ಮುದ್ರೆ ಹೊಡೆದರು, ಕಾಗದ ಊರು ಸೇರಿತು. ತಪ್ಪು ಹೊರಬಿದ್ದದ್ದು ಎಷ್ಟೋ ವರ್ಷ ಕಳೆದ ಮೇಲೆ. ಈಗ ಗೊತ್ತಿರುವುದು ಹೆಚ್ಚುಕಡಿಮೆ ಮೂವತ್ತು ಪ್ರತಿಗಳು. ಬಹುಪಾಲು ಎಲ್ಲವೂ ಬಳಸಿದವೇ.

ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ಆ 1854ರ ಚೀಟಿಗಳಿಗೆ ತೂತೇ ಇರಲಿಲ್ಲ. ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಹಾಗಾಗಿ "ನನ್ನ ಹತ್ತಿರ ತೂತಿಲ್ಲದ ವಿಕ್ಟೋರಿಯಾ ಚೀಟಿ ಇದೆ" ಅಂದಾಗ ಅದು ತಪ್ಪು ಮುದ್ರಣ ಅಂತ ಅಲ್ಲ, ಅದು ಇದ್ದದ್ದೇ ಹಾಗೆ.

ತಲೆಕೆಳಗಾದ ವಿಮಾನದ ಚೀಟಿಯ ಕಥೆ ನಿಜವೇ?

ಪೂರ್ತಿ ನಿಜ. 1918ರ ಮೇ 15ರಂದು ಅಮೆರಿಕದಲ್ಲಿ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ನಡುವೆ ವಿಮಾನ ಅಂಚೆ ಶುರುವಾಗಬೇಕಿತ್ತು. ಅದಕ್ಕಾಗಿ 24 ಸೆಂಟಿನ ಹೊಸ ಚೀಟಿಯನ್ನು ಅವಸರದಲ್ಲಿ ಅಚ್ಚು ಹಾಕಿದರು. ಕೆಂಪು ಚೌಕಟ್ಟು, ಒಳಗೆ ನೀಲಿ ಬಣ್ಣದ ಕರ್ಟಿಸ್ ಜೆನ್ನಿ ವಿಮಾನ. ವಿಲಿಯಂ ರೋಬಿ ಎಂಬ ಸಂಗ್ರಹಕಾರ ಮೇ 14ರಂದು ವಾಷಿಂಗ್ಟನ್ನಿನ ಅಂಚೆ ಕಚೇರಿಗೆ ಹೋಗಿ 24 ಡಾಲರ್ ಕೊಟ್ಟು ನೂರು ಚೀಟಿಯ ಒಂದು ಹಾಳೆ ಕೊಂಡ. ನೂರಕ್ಕೆ ನೂರೂ ವಿಮಾನಗಳು ಬೆನ್ನು ಕೆಳಗಾಗಿ ಹಾರುತ್ತಿದ್ದವು.

ಎರಡು ಬಣ್ಣದ ಚೀಟಿ ಅವಸರದಲ್ಲಿ ಅಚ್ಚಾದರೆ ಹೀಗಾಗಬಹುದು ಅಂತ ಅವನಿಗೆ ಮೊದಲೇ ಅನುಮಾನವಿತ್ತು. ಅದಕ್ಕೇ ಹುಡುಕಿಕೊಂಡು ಹೋಗಿದ್ದ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅದೇ. ಜನ ಅದೃಷ್ಟ ಅನ್ನುತ್ತಾರೆ. ಅವನಿಗೆ ಅಚ್ಚಿನ ಕೆಲಸ ಗೊತ್ತಿತ್ತು.

ಅಧಿಕಾರಿಗಳು ಹಾಳೆ ವಾಪಸ್ ಕೇಳಿದರು, ಅವನು ಕೊಡಲಿಲ್ಲ. ಕೆಲವೇ ದಿನಗಳಲ್ಲಿ ಫಿಲಡೆಲ್ಫಿಯಾದ ವ್ಯಾಪಾರಿ ಯೂಜೀನ್ ಕ್ಲೈನ್‌ಗೆ 15,000 ಡಾಲರಿಗೆ ಮಾರಿದ. ಕ್ಲೈನ್ ಅದನ್ನು ಕರ್ನಲ್ ಗ್ರೀನ್ ಎಂಬ ಸಿರಿವಂತನಿಗೆ 20,000ಕ್ಕೆ ಕೊಟ್ಟ. ಗ್ರೀನ್ ಹಾಳೆಯನ್ನು ಬಿಡಿಸಿ ಹಲವನ್ನು ಮಾರಿದ. ಅದರಲ್ಲಿ ಒಂದನ್ನು ತನ್ನ ಹೆಂಡತಿಗೆ ಲಾಕೆಟ್ಟಿನೊಳಗೆ ಇಟ್ಟು ಕೊಟ್ಟ. 2023ರ ನವೆಂಬರಿನಲ್ಲಿ ಆ ನೂರರಲ್ಲಿ ಒಂದು ಚೀಟಿ ಹರಾಜಿನಲ್ಲಿ 20 ಲಕ್ಷ ಡಾಲರ್ ದಾಟಿತು. ಆ ಪ್ರತಿ ಬಹುಕಾಲ ಕತ್ತಲಲ್ಲೇ ಇದ್ದದ್ದರಿಂದ ಬಣ್ಣ ಹೊಸದರಂತೆ ಉಳಿದಿತ್ತು.

ಈ ಘಟನೆ ಆದ ಮೇಲೆ ಮುದ್ರಣಾಲಯದವರು ಫಲಕದ ಮೇಲೆ "ಟಾಪ್" ಅಂತ ಕೆತ್ತಿಸಿದರು, ಮೇಲಿನ ಕಡೆ ಯಾವುದು ಅಂತ ಗೊತ್ತಾಗಲಿ ಎಂದು. ಆ ಪದ ಇರುವ ಹಾಳೆಯ ಅಂಚನ್ನೂ ಈಗ ಸಂಗ್ರಹಕಾರರು ಹುಡುಕಿ ಕೊಳ್ಳುತ್ತಾರೆ.

ಬಣ್ಣವೇ ಬದಲಾದ ಚೀಟಿ ಅಂತ ಕೇಳಿದ್ದೇನೆ. ಅದು ಯಾವುದು?

ಸ್ವೀಡನ್ನಿನದು, 1855ರದು. ಮೂರು ಸ್ಕಿಲಿಂಗ್ ಚೀಟಿ ಹಸಿರಾಗಿರಬೇಕಿತ್ತು, ಹಳದಿಯಾಗಿ ಅಚ್ಚಾಯಿತು. ಎಂಟು ಸ್ಕಿಲಿಂಗಿನ ಚೀಟಿ ಹಳದಿ ಬಣ್ಣದ್ದು. ಅದರ ಅಚ್ಚುಮೊಳೆಗಳ ಸಾಲಿನಲ್ಲಿ ಮೂರು ಸ್ಕಿಲಿಂಗಿನ ಮೊಳೆಯೊಂದು ಸೇರಿಕೊಂಡಿರಬೇಕು ಎನ್ನುವುದು ತಜ್ಞರ ವಿವರಣೆ. 1886ರಲ್ಲಿ ಒಬ್ಬ ಶಾಲಾ ಹುಡುಗ ಅಜ್ಜಿಯ ಮನೆಯ ಅಟ್ಟದಲ್ಲಿದ್ದ ಹಳೇ ಕಾಗದಗಳಲ್ಲಿ ಅದನ್ನು ಕಂಡ. ಸ್ಟಾಕ್‌ಹೋಮಿನ ವ್ಯಾಪಾರಿಯೊಬ್ಬ ಏಳು ಕ್ರೋನರ್ ಕೊಟ್ಟು ಕೊಂಡ. 1996ರಲ್ಲಿ ಅದೇ ಚೀಟಿ 28.75 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಗೊತ್ತಿರುವ ಪ್ರತಿ ಒಂದೇ ಒಂದು.

ಹಾಗಾದರೆ ತಪ್ಪು ಇದ್ದರೆ ಬೆಲೆ ಬಂದೇ ಬರುತ್ತದೆ ಅಲ್ವಾ?

ಇಲ್ಲ. ಎಷ್ಟು ಪ್ರತಿ ಹೊರಗೆ ಬಂದಿವೆ ಎನ್ನುವುದೇ ಮುಖ್ಯ. ಇದಕ್ಕೆ 1962ರ ಅಮೆರಿಕದ ಡಾಗ್ ಹ್ಯಾಮರ್‌ಶೋಲ್ಡ್ ಚೀಟಿಗಿಂತ ಒಳ್ಳೆಯ ಪಾಠವಿಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ನೆನಪಿನ ನಾಲ್ಕು ಸೆಂಟಿನ ಚೀಟಿ ಅದು. ಕೆಲವು ಹಾಳೆಗಳಲ್ಲಿ ಹಳದಿ ಬಣ್ಣ ಮಾತ್ರ ತಲೆಕೆಳಗಾಗಿ ಬಿದ್ದಿತ್ತು. ನ್ಯೂಜೆರ್ಸಿಯ ಲಿಯೊನಾರ್ಡ್ ಶೆರ್ಮನ್ ಎಂಬ ಒಡವೆ ವ್ಯಾಪಾರಿಗೆ ಅಂಥ ಹಾಳೆ ಸಿಕ್ಕಿತು. ಸುದ್ದಿ ಪತ್ರಿಕೆಯಲ್ಲಿ ಬಂತು. ಆಗ ಪೋಸ್ಟ್‌ಮಾಸ್ಟರ್ ಜನರಲ್ ಆಗಿದ್ದ ಎಡ್ವರ್ಡ್ ಡೇ ಒಂದು ಆದೇಶ ಹೊರಡಿಸಿದರು: ಅದೇ ತಪ್ಪನ್ನು ಬೇಕಂತಲೇ ಮತ್ತೆ ಅಚ್ಚು ಹಾಕಿ, ಎಲ್ಲರಿಗೂ ಸಿಗಲಿ. ನಾಲ್ಕು ಕೋಟಿ ಪ್ರತಿ ಹೊರಬಂದವು. ಶೆರ್ಮನ್ ಕೋರ್ಟಿಗೆ ಹೋದರು, ಅಷ್ಟರಲ್ಲಿ ಹೊಸ ಹಾಳೆಗಳು ಮಾರಾಟವಾಗಿಬಿಟ್ಟಿದ್ದವು. ಇವತ್ತು ಆ ಚೀಟಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಅದು ಸರಿಯಾದ ತೀರ್ಮಾನವಾಗಿತ್ತು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ. ಕೆಲಸದ ನಡುವೆ ತಾನಾಗಿ ಆದ ತಪ್ಪು ಬೇರೆ, ಬೇಕಂತ ಮಾಡಿದ್ದು ಬೇರೆ.

ಅಚ್ಚು ಸರಿಯಿದೆ, ಚಿತ್ರವೇ ತಪ್ಪು. ಅದೂ ಲೆಕ್ಕಕ್ಕೆ ಬರುತ್ತದಾ?

ಅದಕ್ಕೆ ವಿನ್ಯಾಸದ ತಪ್ಪು ಅನ್ನುತ್ತಾರೆ. ಎಲ್ಲಾ ಪ್ರತಿಗಳಲ್ಲೂ ಅದೇ ತಪ್ಪು ಇರುವುದರಿಂದ ಸಾಮಾನ್ಯವಾಗಿ ಅಗ್ಗ. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕೈಗೆಟುಕುವ ಬೆಲೆ, ಹೇಳಿಕೊಳ್ಳಲು ಒಳ್ಳೆಯ ಕಥೆ.

1903ರಲ್ಲಿ ಸೇಂಟ್ ಕಿಟ್ಸ್ ನೆವಿಸ್ ದ್ವೀಪಗಳ ಚೀಟಿಯಲ್ಲಿ ಕೊಲಂಬಸ್ ದೂರದರ್ಶಕ ಹಿಡಿದು ನೋಡುತ್ತಿದ್ದಾನೆ. ಅವನು ಸತ್ತು ನೂರು ವರ್ಷ ಆದ ಮೇಲೆ ಬಂದ ಸಾಧನ ಅದು. 1956ರಲ್ಲಿ ಪೂರ್ವ ಜರ್ಮನಿ ಸಂಗೀತಗಾರ ಶುಮಾನ್ ನೆನಪಿಗೆ ಚೀಟಿ ತಂದಿತು, ಹಿಂದೆ ಕಾಣುವ ಸ್ವರಲಿಪಿ ಶೂಬರ್ಟ್ ಎಂಬ ಇನ್ನೊಬ್ಬ ಸಂಗೀತಗಾರನದು. ಆಮೇಲೆ ಸರಿಯಾದ ಸ್ವರಲಿಪಿ ಹಾಕಿ ಮತ್ತೆ ತಂದರು.

ನಮ್ಮಲ್ಲೂ ಒಂದು ಇದೆ. 1949ರ ಆಗಸ್ಟಿನಲ್ಲಿ ಸ್ವತಂತ್ರ ಭಾರತದ ಪುರಾತತ್ವ ಮಾಲೆ ಬಂತು. ಅದರ ಒಂದಾಣೆ ಚೀಟಿಯಲ್ಲಿ ಬೋಧಿಸತ್ತ್ವನ ವಿಗ್ರಹ. ಮೂಲ ಫೋಟೋ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಅಚ್ಚಾಗಿತ್ತು. 1950ರಲ್ಲಿ ತಿದ್ದಿ ಮತ್ತೆ ತಂದರು. ನಮ್ಮ ಸೋದರತ್ತೆಯ ಟ್ರಂಕಿನಲ್ಲಿ ಸೆಣಬಿನ ದಾರ ಕಟ್ಟಿದ ಒಂದು ಕಾಗದದ ಕಟ್ಟು ಇತ್ತು. ಅತ್ತೆ ತೀರಿಕೊಂಡ ಮೇಲೆ ಬಿಚ್ಚಿ ನೋಡಿದೆ. ಒಂದು ಲಕೋಟೆಯ ಮೇಲೆ ಬೋಧಿಸತ್ತ್ವನ ತೋಳು ಒಂದು ಕಡೆಗೆ ಚಾಚಿದೆ, ಇನ್ನೊಂದರ ಮೇಲೆ ಇನ್ನೊಂದು ಕಡೆಗೆ. ಎರಡೂ ಅದೇ ಹಸಿರು ನೀಲಿ, ಅದೇ ಗಾತ್ರ. ಪಕ್ಕಪಕ್ಕ ಇಟ್ಟಾಗ ಮಾತ್ರ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಬಳಸಿದ ಪ್ರತಿಗಳು ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತವೆ, ದುಡ್ಡಿನ ಲೆಕ್ಕದಲ್ಲಿ ಅವು ಏನೂ ಅಲ್ಲ. ಆ ಎರಡು ಲಕೋಟೆಗಳನ್ನು ನಾನು ಯಾವ ಬೆಲೆಗೂ ಕೊಡುವುದಿಲ್ಲ.

ಮಾರಿಷಸ್‌ನ "ಪೋಸ್ಟ್ ಆಫೀಸ್" ಚೀಟಿಗಳೂ ತಪ್ಪು ಮುದ್ರಣವೇ?

ಹಾಗಂತ ಬಹಳ ಕಾಲ ನಂಬಿದ್ದರು. 1847ರಲ್ಲಿ ಜೋಸೆಫ್ ಬಾರ್ನಾರ್ಡ್ ಎಂಬ ಕೆತ್ತನೆಗಾರ ಒಂದು ಪೆನ್ನಿ ಮತ್ತು ಎರಡು ಪೆನ್ಸಿನ ಚೀಟಿಗಳನ್ನು ತಲಾ 500 ಅಚ್ಚು ಹಾಕಿದ. "ಪೋಸ್ಟ್ ಪೇಯ್ಡ್" ಅಂತ ಕೆತ್ತುವ ಬದಲು ಮರೆತು "ಪೋಸ್ಟ್ ಆಫೀಸ್" ಅಂತ ಕೆತ್ತಿದ ಎನ್ನುವುದು ಕಥೆ. ಅವನಿಗೆ ಕೊಟ್ಟ ಮಾದರಿಯಲ್ಲೇ ಹಾಗಿತ್ತು, ಅದು ತಪ್ಪಲ್ಲ ಅನ್ನುವುದು ಆಮೇಲೆ ಅಧ್ಯಯನ ಮಾಡಿದವರ ಮಾತು. ಚೀಟಿ ಅಪರೂಪ, ಬೆಲೆ ಕೋಟಿಗಳಲ್ಲಿ. ತಪ್ಪಿನ ಕಥೆ ಮಾತ್ರ ನಿಜ ಅನ್ನಿಸುವುದಿಲ್ಲ. ಈ ಚೀಟಿಗಳಲ್ಲಿ ಎರಡು ಅಂಟಿಸಿದ ಒಂದು ಲಕೋಟೆ ಮಾರಿಷಸ್‌ನಿಂದ ಮುಂಬೈಗೆ ಬಂದಿತ್ತು. 1897ರಲ್ಲಿ ಇಲ್ಲಿನ ಬಜಾರಿನಲ್ಲಿ ಸಿಕ್ಕಿತು. ಬಾಂಬೆ ಕವರ್ ಅಂತಲೇ ಅದರ ಹೆಸರು.

ಹಳೆಯ ಸಂಸ್ಥಾನಗಳ ಚೀಟಿಗಳಲ್ಲಿ ಅಕ್ಷರ ತಪ್ಪು ಕಾಣುತ್ತದೆ. ಅವಕ್ಕೆ ಬೆಲೆ ಇದೆಯಾ?

ಇದೆ. ಪಟಿಯಾಲಾ, ಗ್ವಾಲಿಯರ್, ನಾಭಾ, ಜಿಂದ್, ಚಂಬಾ, ಫರೀದ್‌ಕೋಟ್ ಈ ಆರು ಸಂಸ್ಥಾನಗಳು ಬ್ರಿಟಿಷ್ ಇಂಡಿಯಾದ ಚೀಟಿಗಳ ಮೇಲೆಯೇ ತಮ್ಮ ಹೆಸರು ಅಚ್ಚು ಹಾಕಿಸಿಕೊಳ್ಳುತ್ತಿದ್ದವು. ಮೊಳೆ ಜೋಡಿಸುವಾಗ ಅಕ್ಷರ ಅದಲುಬದಲಾಗಿದ್ದುಂಟು. ಚಂಬಾದ ಇಂಗ್ಲಿಷ್ ಹೆಸರಿನಲ್ಲಿ ಎ ಮತ್ತು ಎಂ ಜಾಗ ಬದಲಿಸಿಕೊಂಡು "ಚ್ಮಾಬಾ" ಆಗಿದೆ. ಪಟಿಯಾಲಾದ ಹಳೇ ಇಂಗ್ಲಿಷ್ ಕಾಗುಣಿತ "ಪುಟ್ಟಿಯಾಲಾ"ದಲ್ಲಿ ಮೊದಲ ಅಕ್ಷರವೇ ಕೆಟ್ಟು "ಔಟ್ಟಿಯಾಲಾ" ಆಗಿದೆ. ಹಾಳೆಯಲ್ಲಿ ಒಂದು ಜಾಗದಲ್ಲಿ ಮಾತ್ರ ಇಂಥದ್ದು ಬರುವುದರಿಂದ ಸರಿಯಾದ ಚೀಟಿಯ ಜೊತೆ ಜೋಡಿಯಾಗಿ ಸಿಕ್ಕರೆ ಬೆಲೆ ಜಾಸ್ತಿ.

ಮೈಸೂರಿನದೂ ಇದೆಯಾ ಅಂತ ಅನೇಕರು ಕೇಳುತ್ತಾರೆ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷರ ಅಂಚೆಯಲ್ಲಿ ಸೇರಿಹೋಯಿತು. ಮೈಸೂರು ಸಂಸ್ಥಾನದ ಹೆಸರಿರುವ ಚೀಟಿ ನಿಮ್ಮ ಮನೆಯ ಹಳೇ ಕ್ರಯಪತ್ರದ ಮೇಲೆ ಕಂಡರೆ ಅದು ರೆವಿನ್ಯೂ ಅಥವಾ ಕೋರ್ಟ್ ಫೀ ಸ್ಟ್ಯಾಂಪು. ಅದನ್ನು ಕೂಡಿಸುವವರು ಬೇರೆಯೇ ಇದ್ದಾರೆ. ದಯವಿಟ್ಟು ಪತ್ರದಿಂದ ಕಿತ್ತು ತೆಗೆಯಬೇಡಿ.

ಬೆಲೆ ಯಾವುದರ ಮೇಲೆ ನಿಂತಿದೆ?

ಎಷ್ಟು ಪ್ರತಿ ಇವೆ, ತಪ್ಪು ಎಷ್ಟು ದೂರದಿಂದ ಕಾಣುತ್ತದೆ, ಆ ಚೀಟಿ ಎಷ್ಟು ಜನಕ್ಕೆ ಬೇಕು, ಸ್ಥಿತಿ ಹೇಗಿದೆ, ಅಸಲಿ ಅಂತ ತಜ್ಞರು ಕೊಡುವ ಪ್ರಮಾಣಪತ್ರ ಇದೆಯೋ ಇಲ್ಲವೋ. ಇವುಗಳಲ್ಲಿ ಎರಡನೆಯದನ್ನು ಜನ ಮರೆಯುತ್ತಾರೆ. ವಾಟರ್‌ಮಾರ್ಕ್, ಅಂದರೆ ಕಾಗದದೊಳಗೇ ಇರುವ ಗುರುತು, ತಲೆಕೆಳಗಾಗಿರುವುದೂ ಒಂದು ತಪ್ಪೇ. ಆದರೆ ಚೀಟಿ ತಿರುಗಿಸಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ನಮ್ಮ ಹಳೇ ನಕ್ಷತ್ರದ ವಾಟರ್‌ಮಾರ್ಕಿನ ಚೀಟಿಗಳಲ್ಲಿ ಅದು ಸಾಮಾನ್ಯ ಕೂಡ. ತಲೆಕೆಳಗಾದ ರಾಣಿಯ ಮುಖ ಕೋಣೆಯ ಆ ಮೂಲೆಯಿಂದ ಕಾಣುತ್ತದೆ. ಗಾಂಧೀಜಿ, ವಿಮಾನ, ರೈಲು, ಹಕ್ಕಿ ಇರುವ ಚೀಟಿಯಲ್ಲಿ ತಪ್ಪಾದರೆ ಬೇಡಿಕೆ ಹೆಚ್ಚು, ಯಾಕೆಂದರೆ ಆ ವಿಷಯ ಕೂಡಿಸುವವರಿಗೂ ಅದು ಬೇಕು.

ಮುದ್ರಣಾಲಯದ ರದ್ದಿಯಿಂದ ಹೊರಗೆ ಸಾಗಿಸಿದ ಹಾಳೆಗಳು ಬೇರೆ ಜಾತಿ. ಕೌಂಟರಿನಲ್ಲಿ ಎಂದೂ ಮಾರಾಟವಾಗದ ಅವುಗಳಿಗೆ ಗೌರವವೂ ಕಡಿಮೆ, ಬೆಲೆಯೂ ಕಡಿಮೆ. ಕದ್ದ ಮಾಲಾಗಿದ್ದರೆ ತೊಂದರೆ ಕೊಂಡವರಿಗೇ.

ಕ್ಯಾಟಲಾಗಿನಲ್ಲಿ 20,000 ರೂಪಾಯಿ ಅಂತ ಇದೆ. ನನಗೆ ಅಷ್ಟು ಸಿಗುತ್ತದಾ?

ಬಹುಶಃ ಇಲ್ಲ. ಸ್ಟ್ಯಾನ್ಲಿ ಗಿಬ್ಬನ್ಸ್‌ನಂಥ ಕ್ಯಾಟಲಾಗಿನಲ್ಲಿರುವುದು ವ್ಯಾಪಾರಿ ಒಳ್ಳೆಯ ಸ್ಥಿತಿಯ ಪ್ರತಿಯನ್ನು ಮಾರುವ ಬೆಲೆ. ನಿಮ್ಮಿಂದ ಕೊಳ್ಳುವಾಗ ಅವನು ತನ್ನ ಲಾಭ ಕಳೆದೇ ಕೊಳ್ಳುತ್ತಾನೆ. ತೂತಿನ ಅಂಚಿನಲ್ಲಿ ಒಂದು ಮೂಲೆಯ ಹಲ್ಲು ಮುರಿದಿದ್ದರೂ, ಹಿಂದೆ ಕಾಗದ ತೆಳುವಾಗಿದ್ದರೂ ಬೆಲೆ ಸರ್ರನೆ ಇಳಿಯುತ್ತದೆ. ಇತ್ತೀಚಿನ ಹರಾಜಿನಲ್ಲಿ ಅದೇ ಚೀಟಿ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ನೋಡಿ. ಆನ್‌ಲೈನಿನಲ್ಲಿ ಯಾರೋ ಹಾಕಿಕೊಂಡ ಬೆಲೆ ಕೇಳಿದ ಬೆಲೆ ಅಷ್ಟೇ, ಮಾರಿದ ಬೆಲೆ ಅಲ್ಲ.

ನಕಲಿ ಇರುತ್ತದಾ? ಹೇಗೆ ಮೋಸ ಮಾಡುತ್ತಾರೆ?

ಬೇಕಾದಷ್ಟಿದೆ. ನನಗೇ ಆಗಿದೆ. ವರ್ಷಗಳ ಹಿಂದೆ ಒಂದು ಪ್ರದರ್ಶನದ ಮಳಿಗೆಯಲ್ಲಿ "ಹಳದಿ ಬಿಟ್ಟುಹೋದ" ಚೀಟಿ ಕೊಂಡೆ. ಕಾಡಿನ ದೃಶ್ಯ, ಮರಗಳೆಲ್ಲ ನೀಲಿ. ನೋಡಿದರೆ ಮೈ ಝುಂ ಅನ್ನಬೇಕು. 800 ರೂಪಾಯಿ ಕೊಟ್ಟೆ. ನಮ್ಮ ಕೂಟದ ಹಿರಿಯರೊಬ್ಬರಿಗೆ ತೋರಿಸಿದಾಗ ಅವರು ಏನೂ ಹೇಳದೆ ಅದೇ ಚೀಟಿಯ ಒಂದು ಸಾಧಾರಣ ಪ್ರತಿ ತೆಗೆದು, ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಒತ್ತಿ ಇಟ್ಟರು. ಎರಡು ತಿಂಗಳು ಕಳೆದ ಮೇಲೆ ಕರೆದು ತೋರಿಸಿದರು. ಕಾಗದ ಮುಚ್ಚಿದ ಅರ್ಧದಲ್ಲಿ ಹಸಿರು ಮರ, ಬಿಸಿಲಿಗೆ ಬಿದ್ದ ಅರ್ಧದಲ್ಲಿ ನೀಲಿ ಮರ. ನಡುವೆ ಗೆರೆ ಎಳೆದ ಹಾಗೆ. ಹಳದಿ ಶಾಯಿ ಬಿಸಿಲಿಗೆ ಮೊದಲು ಹೋಗುತ್ತದೆ. ಆ ಚೀಟಿ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಹೊಸಬರು ಬಂದಾಗ ಮೊದಲು ತೋರಿಸುವುದು ಅದನ್ನೇ.

ಬಿಸಿಲಲ್ಲದೆ ರಾಸಾಯನಿಕ ಹಾಕಿಯೂ ಬಣ್ಣ ತೆಗೆಯುತ್ತಾರೆ. ನಿಜವಾಗಿ ಬಣ್ಣ ಬಿಟ್ಟುಹೋಗಿದ್ದರೆ ಒಂದು ಕಣವೂ ಉಳಿದಿರಬಾರದು. ಭೂತಗನ್ನಡಿಯಲ್ಲಿ ಎಲ್ಲೋ ಒಂದು ಮಸುಕು ಹಳದಿ ಚುಕ್ಕೆ ಕಂಡರೂ ಅದು ಎರರ್ ಅಲ್ಲ.

ತೂತಿಲ್ಲದ ಚೀಟಿ ಮಾಡುವುದು ಇನ್ನೂ ಸುಲಭ, ಅಂಚು ಅಗಲವಾಗಿರುವ ಚೀಟಿಯ ಹಲ್ಲುಗಳನ್ನು ಕತ್ತರಿಸಿಬಿಡುತ್ತಾರೆ. ಅದಕ್ಕೇ ಇದನ್ನು ಜೋಡಿಯಾಗಿ ಮಾತ್ರ ಕೊಳ್ಳಬೇಕು. ಎರಡು ಚೀಟಿ ಕೂಡಿಕೊಂಡಿದ್ದು ನಡುವೆ ತೂತಿಲ್ಲದಿದ್ದರೆ ಅದನ್ನು ಕತ್ತರಿಯಿಂದ ಮಾಡಲು ಬರುವುದಿಲ್ಲ. ತಲೆಕೆಳಗಾದ ಚಿತ್ರವನ್ನು ನಡುವಿನ ಭಾಗ ಕತ್ತರಿಸಿ ತಿರುಗಿಸಿ ಅಂಟಿಸಿ ತಯಾರು ಮಾಡುತ್ತಾರೆ. ಓರೆ ಬೆಳಕಿನಲ್ಲಿ ಹಿಡಿದರೆ ಕತ್ತರಿಸಿದ ಅಂಚು ಕಾಣುತ್ತದೆ. ಹಳೇ ಚೀಟಿಯ ಮೇಲೆ ಹೊಸದಾಗಿ ತಲೆಕೆಳಗಾದ ಓವರ್‌ಪ್ರಿಂಟ್ (ಸಂಸ್ಥಾನಗಳ ಹೆಸರಿನ ಹಾಗೆ, ಅಚ್ಚಾದ ಚೀಟಿಯ ಮೇಲೆ ಮತ್ತೆ ಹಾಕುವ ಅಕ್ಷರ) ಹಾಕುವವರೂ ಇದ್ದಾರೆ. ಅಂಚೆ ಮುದ್ರೆಯ ಶಾಯಿಯ ಮೇಲೆ ಓವರ್‌ಪ್ರಿಂಟ್ ಕೂತಿದ್ದರೆ ಅನುಮಾನವೇ ಬೇಡ. ಚೀಟಿ ಬಳಸಿದ ಮೇಲೆ ಅಚ್ಚು ಹಾಕಿದ್ದಾರೆ ಅಂತ ಅರ್ಥ.

ಮನೆಯಲ್ಲಿ ಪರೀಕ್ಷೆ ಮಾಡಲು ಏನೇನು ಬೇಕು?

ಹತ್ತು ಪಟ್ಟು ದೊಡ್ಡದು ಮಾಡುವ ಒಳ್ಳೆಯ ಭೂತಗನ್ನಡಿ, ಚೂಪಿಲ್ಲದ ತುದಿಯ ಚಿಮುಟ, ತೂತು ಅಳೆಯುವ ಪಟ್ಟಿ, ಒಂದು ಪುಟ್ಟ ಅಲ್ಟ್ರಾವಯಲೆಟ್ ದೀಪ. 20 ಮಿಲಿಮೀಟರ್ ಉದ್ದದಲ್ಲಿ ಎಷ್ಟು ತೂತು ಬರುತ್ತದೆ ಎನ್ನುವುದೇ ಅಳತೆ. ದೀಪದ ಕೆಳಗೆ ಇಟ್ಟರೆ ರಿಪೇರಿ ಮಾಡಿದ ಜಾಗ, ರಾಸಾಯನಿಕ ತಾಗಿದ ಜಾಗ ಬೇರೆ ಥರ ಹೊಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಚೀಟಿಯ ಒಂದು ಸರಿಯಾದ ಪ್ರತಿ. ಪಕ್ಕದಲ್ಲಿಟ್ಟು ನೋಡದೆ ಯಾವ ತೀರ್ಮಾನಕ್ಕೂ ಬರಬೇಡಿ.

ಪ್ರಮಾಣಪತ್ರ ಬೇಕೇ ಬೇಕಾ?

ಸಣ್ಣಪುಟ್ಟದಕ್ಕೆ ಬೇಡ, ಪರೀಕ್ಷೆಯ ಖರ್ಚೇ ಚೀಟಿಯ ಬೆಲೆಗಿಂತ ಹೆಚ್ಚಾಗುತ್ತದೆ. ದೊಡ್ಡ ಬೆಲೆಯದಕ್ಕೆ ಬೇಕು. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞ ಸಮಿತಿ, ನ್ಯೂಯಾರ್ಕಿನ ಫಿಲಾಟೆಲಿಕ್ ಫೌಂಡೇಶನ್ ಇಂಥವರು ಕೊಡುವ ಪತ್ರಕ್ಕೆ ಎಲ್ಲ ಕಡೆ ಬೆಲೆಯಿದೆ. ಪತ್ರದಲ್ಲಿರುವ ಫೋಟೋ ಮತ್ತು ಕೈಯಲ್ಲಿರುವ ಚೀಟಿ ಒಂದೇನಾ ಅಂತ ಹಲ್ಲು ಹಲ್ಲು ಎಣಿಸಿ ನೋಡಿ. ಮಾರುವವರೇ ಬರೆದುಕೊಟ್ಟ ಪತ್ರ ಬರೀ ರಶೀದಿ ಇದ್ದ ಹಾಗೆ.

ಅಂಚೆ ಕಚೇರಿಯಲ್ಲಿ ನನಗೇ ತಪ್ಪು ಹಾಳೆ ಸಿಕ್ಕರೆ ಇಟ್ಟುಕೊಳ್ಳಬಹುದಾ?

ಕೌಂಟರಿನಲ್ಲಿ ದುಡ್ಡು ಕೊಟ್ಟು ಕೊಂಡದ್ದು ನಿಮ್ಮದೇ. ಹಾಳೆಯನ್ನು ಹರಿಯಬೇಡಿ, ಮಡಚಬೇಡಿ. ಅಂಚಿನ ಬಿಳಿ ಪಟ್ಟಿಯನ್ನೂ ಹಾಗೇ ಬಿಡಿ, ಅದರ ಮೇಲಿನ ಸಂಖ್ಯೆ ಮತ್ತು ಬಣ್ಣದ ಗುರುತುಗಳಿಂದ ತಪ್ಪು ಹೇಗಾಯಿತು ಅಂತ ತಿಳಿಯುತ್ತದೆ. ರಶೀದಿ ಕೇಳಿ ಪಡೆಯಿರಿ. ಎಲ್ಲಿ, ಯಾವ ದಿನ ಕೊಂಡದ್ದು ಅಂತ ಅವತ್ತೇ ಬರೆದಿಡಿ.

ಲಕೋಟೆಯಿಂದ ಬಿಡಿಸಬಹುದಾ? ಲ್ಯಾಮಿನೇಟ್ ಮಾಡಿಸಿದರೆ ಒಳ್ಳೆಯದಾ?

ಎರಡೂ ಬೇಡ. ಲಕೋಟೆಯ ಮೇಲಿನ ಊರು, ತಾರೀಕು, ಮುದ್ರೆ ಎಲ್ಲವೂ ಸಾಕ್ಷಿ. ನೀರಿಗೆ ಹಾಕಿದರೆ ಕೆಲವು ಶಾಯಿ ಹರಡಿಕೊಳ್ಳುತ್ತದೆ. ಲ್ಯಾಮಿನೇಟ್ ಮಾಡಿಸಿದ ಚೀಟಿ ಮುಗಿದುಹೋದ ಹಾಗೆಯೇ, ವಾಪಸ್ ತೆಗೆಯಲು ಬರುವುದಿಲ್ಲ. ಒಬ್ಬರು ತಾತನ ಸಂಗ್ರಹವನ್ನೆಲ್ಲ ಪ್ರೀತಿಯಿಂದ ಲ್ಯಾಮಿನೇಟ್ ಮಾಡಿಸಿ ತಂದಿದ್ದರು. ಏನು ಹೇಳಬೇಕೆಂದು ತೋಚಲಿಲ್ಲ.

ನಮ್ಮ ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ದೊಡ್ಡ ಶತ್ರು. ಗಾಳಿಯ ತೇವಕ್ಕೆ ಹಿಂದಿನ ಅಂಟು ಇಳಿದು ಚೀಟಿಗಳು ಪುಟಕ್ಕೆ ಹಿಡಿದುಕೊಳ್ಳುತ್ತವೆ, ಕಂದು ಚುಕ್ಕೆ ಬೀಳುತ್ತದೆ. ಆಲ್ಬಮನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಬಿಸಿಲಿಗೆ ಹಾಕಬೇಡಿ, ನೀಲಿ ಮರದ ಕಥೆ ಹೇಳಿದೆನಲ್ಲ. ಅಗ್ಗದ ಪಿವಿಸಿ ಕವರುಗಳು ವರ್ಷ ಕಳೆದಂತೆ ಜಿಡ್ಡಾಗಿ ಬಣ್ಣ ಎಳೆದುಕೊಳ್ಳುತ್ತವೆ.

ಮಕ್ಕಳು ಎಲ್ಲಿಂದ ಶುರು ಮಾಡಬೇಕು?

ಮನೆಗೆ ಬರುವ ಕಾಗದಗಳಿಂದ. ಅಂಚೆ ಇಲಾಖೆಯಲ್ಲಿ 200 ರೂಪಾಯಿಗೆ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಠೇವಣಿ ಖಾತೆ ತೆರೆದರೆ ಹೊಸ ಚೀಟಿಗಳು ಮನೆಗೇ ಬರುತ್ತವೆ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿ ಜಿಪಿಒದಲ್ಲಿ ಫಿಲಾಟೆಲಿ ಬ್ಯೂರೋ ಇದೆ. 6ರಿಂದ 9ನೇ ತರಗತಿಯ ಮಕ್ಕಳಿಗೆ ಇಲಾಖೆ 2017ರಲ್ಲಿ ದೀನದಯಾಳ್ ಸ್ಪರ್ಶ್ ಎಂಬ ವಿದ್ಯಾರ್ಥಿವೇತನವನ್ನೂ ತಂದಿದೆ, ವರ್ಷಕ್ಕೆ 6,000 ರೂಪಾಯಿ. ಮಕ್ಕಳ ಕಣ್ಣು ದೊಡ್ಡವರದಕ್ಕಿಂತ ಚುರುಕು. ಒಂದೇ ಚೀಟಿಯ ಐವತ್ತು ಪ್ರತಿ ಕೊಟ್ಟು "ಇದರಲ್ಲಿ ಬೇರೆಯಾಗಿರುವುದು ಯಾವುದು ಹುಡುಕು" ಅಂದುನೋಡಿ.

ಮಾರಬೇಕು ಅಂದುಕೊಂಡಿದ್ದೇನೆ. ಮೊದಲು ಏನು ಮಾಡಲಿ?

ಅವಸರ ಮಾಡಬೇಡಿ. "ಇವತ್ತೇ ಕೊಟ್ಟರೆ ಇಷ್ಟು" ಅನ್ನುವವರಿಗೆ ಅವತ್ತು ಕೊಡಬೇಡಿ. ಚೀಟಿಯ ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಂಥ ಕೂಟಕ್ಕೆ ಹೋಗಿ, ಕೊಳ್ಳುವ ಆಸೆಯಿಲ್ಲದ ಇಬ್ಬರು ಮೂವರಿಗೆ ತೋರಿಸಿ. ಕ್ಯಾಟಲಾಗಿನಲ್ಲಿ ದಾಖಲಾದ ತಪ್ಪೇ ಅಂತ ನೋಡಿ. ದೊಡ್ಡದು ಅನ್ನಿಸಿದರೆ ಪ್ರಮಾಣಪತ್ರಕ್ಕೆ ಕಳಿಸಿ, ಆಮೇಲೆ ಹರಾಜು ಸಂಸ್ಥೆಯ ಕಮಿಷನ್ ಎಷ್ಟು, ಕನಿಷ್ಠ ಬೆಲೆ ಎಷ್ಟು ಇಡುತ್ತಾರೆ ಅಂತ ಬರಹದಲ್ಲಿ ಕೇಳಿ.

ಪ್ರಮಾಣಪತ್ರ ಬರಲು ತಿಂಗಳುಗಳೇ ಹಿಡಿಯಬಹುದು. ಅಷ್ಟು ಹೊತ್ತು ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಕೂಡ ಏನೂ ಬರೆಯಬೇಡಿ.